ಇನ್‌ಸ್ಟಾಗ್ರಾಮ್ ಬಿಡೋಕಾಗಲ್ಲ, ಅದರೊಳಗೇ ಇರೋಕೂ ಆಗಲ್ಲ: ಕಲೆಯನ್ನೇ ನಂಬಿ ಬದುಕುವವರಿಗೆ ಒಂದು ಮಾರ್ಗದರ್ಶಿ

"ಅಷ್ಟು ಕಷ್ಟ ಆದ್ರೆ ಡಿಲೀಟ್ ಮಾಡ್ಬಿಡಿ" ಅನ್ನುವ ಸಲಹೆ ಕೇಳಿ ಕೇಳಿ ನಿಮಗೂ ಸಾಕಾಗಿರಬಹುದು. ತಿಂಗಳ ಸಂಬಳ ಬರುವವರಿಗೆ ಅದು ಸುಲಭ. ಮದುವೆ ಫೋಟೋ ತೆಗೆಯುವವರು, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು, ಟೆರಾಕೋಟಾ ಒಡವೆ ಮಾಡಿ ಮಾರುವವರು, ಮೆಹಂದಿ ಹಾಕುವವರು, ಹಾಡುವವರು ಏನು ಮಾಡಬೇಕು? ಗಿರಾಕಿ ಫೋನ್ ಮಾಡಿದ ತಕ್ಷಣ ಕೇಳೋದೇ "ನಿಮ್ಮ ಇನ್‌ಸ್ಟಾ ಪೇಜ್ ಕಳಿಸಿ" ಅಂತ. ಅಂಗಡಿಗೆ ಬೋರ್ಡ್ ಇದ್ದ ಹಾಗೆ ಅದು. ಬೋರ್ಡ್ ಕಿತ್ತು ಹಾಕಿ ಅಂತ ನಾನಂತೂ ಹೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಆ ಒಂದು ಆಪ್ ಒಳಗೆ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಒಂದು, ನಮ್ಮ ಕೆಲಸವನ್ನು ಹಾಕುವುದು. ಎರಡು, ಕೇಳಿದವರಿಗೆ ಉತ್ತರ ಕೊಡುವುದು. ಮೂರು, ಬೇರೆಯವರದ್ದನ್ನು ನೋಡುವುದು. ಮೊದಲನೆಯದಕ್ಕೆ ಅಂತ ಒಳಗೆ ಹೋಗುತ್ತೇವೆ, ಎರಡನೆಯದು ನಡುವೆ ಬರುತ್ತೆ, ಮೂರನೆಯದರಲ್ಲಿ ಮಧ್ಯಾಹ್ನ ಕಳೆದುಹೋಗುತ್ತೆ. ಇದರಲ್ಲಿ ನಿಮ್ಮ ಮನಸ್ಸು ದುರ್ಬಲ ಅನ್ನುವ ಪ್ರಶ್ನೆ ಇಲ್ಲ. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದ ಪಟ್ಟಿದ್ದಾರೆ. ಪುಟಕ್ಕೆ ಕೊನೆಯೇ ಇಲ್ಲದಿದ್ದರೆ ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ಗೊತ್ತಾಗುವುದಾದರೂ ಹೇಗೆ?

ಹಾಗಾಗಿ ಗಡಿ ಹಾಕುವುದು ಅಂದರೆ ಈ ಮೂರನ್ನು ಬಿಡಿಸಿ, ಒಂದೊಂದಕ್ಕೂ ಬೇರೆ ಹೊತ್ತು, ಬೇರೆ ಜಾಗ ಕೊಡುವುದು. ಮುಂದಿನ ಹೆಜ್ಜೆಗಳೆಲ್ಲ ಅದಕ್ಕೇ.

ಹೆಜ್ಜೆ 1: ಮೊದಲು ಲೆಕ್ಕ ಬರೆಯಿರಿ

ಎರಡು ಲೆಕ್ಕ ಬೇಕು. ಮೊದಲನೆಯದು ಹೊತ್ತಿನದ್ದು, ಅದನ್ನು ಫೋನೇ ಇಟ್ಟಿರುತ್ತೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್. ಒಂದು ವಾರ ಏನೂ ಬದಲಾಯಿಸಬೇಡಿ, ಸುಮ್ನೆ ನೋಡಿ. ಒಟ್ಟು ಎಷ್ಟು ಗಂಟೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತೆರೆದಿದ್ದೀರಿ, ಯಾವ ಹೊತ್ತಲ್ಲಿ ಜಾಸ್ತಿ ಅನ್ನುವುದು ಮುಖ್ಯ. ಬೆಳಿಗ್ಗೆ ಎದ್ದ ತಕ್ಷಣವೋ, ಕೆಲಸ ಕೈಕೊಟ್ಟಾಗಲೋ, ರಾತ್ರಿ ಎಲ್ಲರೂ ಮಲಗಿದ ಮೇಲೋ? ಒಬ್ಬೊಬ್ಬರದು ಒಂದೊಂದು ಥರ ಇರುತ್ತೆ, ಗಡಿಯೂ ಆ ಹೊತ್ತಿಗೇ ಬೇಕು.

ಎರಡನೆಯದು ದುಡ್ಡಿನ ಲೆಕ್ಕ. ಇದನ್ನು ಮಾಡುವವರು ಕಡಿಮೆ, ನನ್ನ ಪ್ರಕಾರ ಇದೇ ದೊಡ್ಡದು. ಕಳೆದ ಒಂದು ವರ್ಷದಲ್ಲಿ ನಿಮಗೆ ದುಡ್ಡು ಕೊಟ್ಟ ಪ್ರತಿ ಕೆಲಸವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಗೂಗಲ್ ಪೇ, ಫೋನ್‌ಪೇ ಹಿಸ್ಟರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡರೆ ಒಂದು ಸಂಜೆಯಲ್ಲಿ ಆಗುತ್ತೆ. ಪ್ರತಿಯೊಂದರ ಮುಂದೆ ಒಂದೇ ವಿಷಯ ಬರೆಯಿರಿ: ಇವರು ನನ್ನ ಹತ್ತಿರ ಹೇಗೆ ಬಂದರು? ಹಳೆ ಗಿರಾಕಿಯೇ? ಯಾರೋ ಹೇಳಿ ಕಳಿಸಿದರೇ? ಚಿತ್ರಸಂತೆಯಲ್ಲಿ ಸಿಕ್ಕವರೇ? ರೀಲ್ ನೋಡಿ ಬಂದವರೇ? ಯಾವ ರೀಲ್?

ನಿಮ್ಮ ಹಾಳೆಯಲ್ಲಿ ಏನು ಬರುತ್ತೋ ನಾನು ಹೇಳಲಾರೆ. ಆದರೆ ಸಾವಿರಾರು ಜನ ನೋಡಿದ ರೀಲ್‌ನಿಂದ ಒಂದು ಕೆಲಸವೂ ಬಂದಿಲ್ಲ, ಯಾವುದೋ ಸಾದಾ ಫೋಟೋ ನೋಡಿ ಒಬ್ಬರು ಇಡೀ ಮನೆಯ ಗೋಡೆಗೆ ಚಿತ್ರ ಬರೆಸಿದ್ದಾರೆ ಅನ್ನುವಂಥದ್ದು ಕಂಡರೆ ಆಶ್ಚರ್ಯ ಪಡಬೇಡಿ. ಯಾವುದು ಅನ್ನ ಕೊಡುತ್ತಿದೆ, ಯಾವುದು ಬರೀ ಹೊಟ್ಟೆಯಲ್ಲಿ ಚಿಟ್ಟೆ ಹಾರಿಸುತ್ತಿದೆ ಅನ್ನುವುದು ಗೊತ್ತಾದರೆ ಬಿಟ್ಟರೆ ಏನಾಗುತ್ತೋ ಅನ್ನುವ ಭಯ ಅರ್ಧ ಕಡಿಮೆಯಾಗುತ್ತೆ.

ಹೆಜ್ಜೆ 2: ಕೈ ಕೆಲಸದ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿ

ದಿನದಲ್ಲಿ ನಿಮ್ಮ ತಲೆ ಚುರುಕಾಗಿರುವ ಎರಡು ಮೂರು ಗಂಟೆ ಯಾವುದು ಅಂತ ನಿಮಗೇ ಗೊತ್ತು. ಆ ಹೊತ್ತನ್ನು ಮಾಡುವ ಕೆಲಸಕ್ಕೇ ಇಡಿ. ಫೋನ್ ಸೈಲೆಂಟ್ ಮಾಡಿ ಮೇಜಿನ ಮೇಲೆ ಬೋರಲು ಇಟ್ಟರೆ ಸಾಲದು. ಬೇರೆ ಕೋಣೆಯಲ್ಲಿ, ಸಾಧ್ಯವಾದರೆ ಅಡುಗೆಮನೆ ಕಪಾಟಿನ ಮೇಲೆ ಇಡಿ. ಮನೆಯವರ ಕರೆ ಮಾತ್ರ ರಿಂಗ್ ಆಗುವ ಹಾಗೆ ಡು ನಾಟ್ ಡಿಸ್ಟರ್ಬ್‌ನಲ್ಲಿ ಅವರ ಹೆಸರು ಸೇರಿಸಿ. ಮಕ್ಕಳಿರುವವರು, ವಯಸ್ಸಾದ ಅಪ್ಪ ಅಮ್ಮ ಇರುವವರು ಇದನ್ನು ಮಾಡದೆ ಫೋನ್ ದೂರ ಇಟ್ಟರೆ ಮನಸ್ಸೆಲ್ಲ ಅದರ ಮೇಲೇ ಇರುತ್ತೆ.

"ಒಂದೇ ನಿಮಿಷ ನೋಡಿ ಇಟ್ಟುಬಿಡ್ತೀನಿ" ಅನ್ನುವುದು ಯಾಕೆ ನಡೆಯುವುದಿಲ್ಲ ಅನ್ನುವುದಕ್ಕೆ ಕಾರಣ ಇದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ: ಮುಗಿಯದ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತೆ. ಗಿರಾಕಿಯೊಬ್ಬರು "ಬಣ್ಣ ಸ್ವಲ್ಪ ಡಲ್ ಆಯ್ತಲ್ವಾ?" ಅಂತ ಬರೆದಿದ್ದನ್ನು ಓದಿ ಫೋನ್ ಇಟ್ಟಿರಿ ಅಂದುಕೊಳ್ಳಿ. ಕೈ ಮತ್ತೆ ಕುಂಚ ಹಿಡಿಯುತ್ತೆ. ತಲೆ ಮಾತ್ರ ಆ ಬಣ್ಣದ ಉತ್ತರ ತಯಾರಿಸುತ್ತಾ ಕೂತಿರುತ್ತೆ.

ಇನ್ನು ಪೋಸ್ಟ್ ಹಾಕುವುದು. ಇದನ್ನು ವಾರಕ್ಕೊಮ್ಮೆ ಒಟ್ಟಿಗೆ ಮಾಡಿ ಮುಗಿಸಿ. ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೊಫೆಷನಲ್ ಅಕೌಂಟ್ ಇದ್ದರೆ ಆಪ್ ಒಳಗೇ ಮುಂದಿನ 75 ದಿನಗಳವರೆಗಿನ ಪೋಸ್ಟ್ ಶೆಡ್ಯೂಲ್ ಮಾಡಿ ಇಡಬಹುದು. ನನ್ನ ಸಲಹೆ, ಫೋನ್‌ನಲ್ಲಿ ಬೇಡ. ಕಂಪ್ಯೂಟರ್‌ನಲ್ಲಿ ಮೆಟಾ ಬಿಸಿನೆಸ್ ಸೂಟ್ ತೆರೆದು ಮಾಡಿ. ಅಲ್ಲಿ ಫೀಡ್, ಅಂದರೆ ಬೇರೆಯವರ ಪೋಸ್ಟ್‌ಗಳ ಸಾಲು, ಎದುರಿಗೆ ಬರುವುದಿಲ್ಲ. ಫೋಟೋ ಹಾಕಿದಿರಿ, ನಾಲ್ಕು ಸಾಲು ಬರೆದಿರಿ, ದಿನ ಹೊತ್ತು ಕೊಟ್ಟಿರಿ, ಮುಚ್ಚಿದಿರಿ. ಯೂಟ್ಯೂಬ್‌ಗೂ ಸ್ಟುಡಿಯೋದಲ್ಲಿ ಇದೇ ರೀತಿ ಆಗುತ್ತೆ. ಯೂಟ್ಯೂಬ್‌ನ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿಟ್ಟರೆ ಮುಖಪುಟದಲ್ಲಿ ಶಿಫಾರಸುಗಳೇ ಬರುವುದಿಲ್ಲ. ಹಾಡು ಅಪ್‌ಲೋಡ್ ಮಾಡಲು ಹೋಗಿ ಯಾರದೋ ಅಡುಗೆ ವಿಡಿಯೋದಲ್ಲಿ ಸಿಕ್ಕಿಕೊಳ್ಳುವವರಿಗೆ ಇದು ತುಂಬಾ ಕೆಲಸಕ್ಕೆ ಬರುತ್ತೆ.

ಹಾಕಿದ ಮೇಲಿನ ಮೊದಲ ಒಂದು ಗಂಟೆ ಕಷ್ಟದ್ದು. ಎಷ್ಟು ಜನ ನೋಡಿದರು ಅಂತ ಕೈ ತುರಿಸುತ್ತೆ. ಅದಕ್ಕೇ ನೀವು ಊಟಕ್ಕೆ ಕೂರುವ ಹೊತ್ತಿಗೋ, ಮಗುವನ್ನು ಶಾಲೆಯಿಂದ ಕರೆತರುವ ಹೊತ್ತಿಗೋ ಪೋಸ್ಟ್ ಹೋಗುವ ಹಾಗೆ ಇಡಿ. ಲೈಕ್ ಸಂಖ್ಯೆ ಕಾಣದ ಹಾಗೆ ಮಾಡುವ ಸೌಲಭ್ಯವೂ 2021ರಿಂದ ಇದೆ. ನಿಮ್ಮ ಪೋಸ್ಟ್‌ನದ್ದೂ ಮರೆಮಾಡಬಹುದು, ಬೇರೆಯವರದ್ದೂ ಮರೆಮಾಡಬಹುದು. ಎರಡನ್ನೂ ಮಾಡಿ.

ಹೆಜ್ಜೆ 3: ಗಿರಾಕಿಗಳ ಮೆಸೇಜಿಗೆ ಒಂದು ಹೊತ್ತು, ಒಂದು ಬಾಗಿಲು

ನಮ್ಮ ಕಡೆ ನಿಜವಾದ ಕಷ್ಟ ಇರುವುದು ಇಲ್ಲಿ. ಇಂಗ್ಲಿಷಿನಲ್ಲಿ ಬರುವ ಸಲಹೆಗಳಲ್ಲಿ ಹೆಚ್ಚಿನವು ಫೀಡ್ ನೋಡುವುದರ ಬಗ್ಗೆ. ಇಲ್ಲಿನ ಕಲಾವಿದರ ನಿದ್ದೆ ಕೆಡಿಸುವುದು ವಾಟ್ಸಾಪ್. ಇನ್‌ಸ್ಟಾದಲ್ಲಿ ಶುರುವಾದ ಮಾತು ಎರಡೇ ನಿಮಿಷದಲ್ಲಿ "ನಿಮ್ಮ ನಂಬರ್ ಕೊಡಿ" ಅಂತ ಅಲ್ಲಿಗೆ ಬರುತ್ತೆ. ಆಮೇಲೆ ರಾತ್ರಿ ಹನ್ನೊಂದಕ್ಕೆ ಮೂರು ನಿಮಿಷದ ವಾಯ್ಸ್ ನೋಟ್. ಬೆಳಿಗ್ಗೆ ಆರಕ್ಕೆ "ಗುಡ್ ಮಾರ್ನಿಂಗ್ ಅಕ್ಕಾ, ನೋಡಿದ್ರಾ?" ನೀಲಿ ಟಿಕ್ ಬಂತೋ, ಉತ್ತರ ಯಾಕಿಲ್ಲ ಅಂತ ಕರೆ.

ಇದಕ್ಕೆ ಒಂದೊಂದಾಗಿ ಮಾಡಬೇಕಾದ್ದು ಇದೆ.

ಎರಡನೇ ಸಿಮ್ ತಗೊಳ್ಳಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಎರಡೂ ಒಂದೇ ಫೋನ್‌ನಲ್ಲಿ ನಡೆಯುತ್ತವೆ, ಇನ್ನೊಂದು ಫೋನ್ ಕೊಳ್ಳಬೇಕಿಲ್ಲ. ಇನ್ನು ಮೇಲೆ ಇನ್‌ಸ್ಟಾ ಬಯೋದಲ್ಲಿ, ವಿಸಿಟಿಂಗ್ ಕಾರ್ಡ್‌ನಲ್ಲಿ ಈ ನಂಬರ್ ಮಾತ್ರ. ಹಳೆ ಗಿರಾಕಿಗಳಿಗೂ ಒಂದು ಮೆಸೇಜ್ ಹಾಕಿ ತಿಳಿಸಿ. ಅತ್ತೆ, ಚಿಕ್ಕಪ್ಪ, ಶಾಲೆ ಗ್ರೂಪ್ ಎಲ್ಲ ಹಳೆ ನಂಬರ್‌ನಲ್ಲೇ ಇರಲಿ. ಆಗ ಅಮ್ಮನ ಮೆಸೇಜ್ ನೋಡಲು ಹೋಗಿ ಗಿರಾಕಿಯ ತಿದ್ದುಪಡಿ ಪಟ್ಟಿ ಕಣ್ಣಿಗೆ ಬೀಳುವುದು ತಪ್ಪುತ್ತೆ.

ಆಮೇಲೆ ಬಿಸಿನೆಸ್ ಟೂಲ್ಸ್ ಒಳಗೆ 'ಅವೇ ಮೆಸೇಜ್' (Away message) ಅಂತ ಇದೆ. ನಿಮ್ಮ ಕೆಲಸದ ಹೊತ್ತಿನ ಆಚೆ ಯಾರು ಬರೆದರೂ ಅದು ತಾನೇ ಹೋಗುತ್ತೆ. ಅದರ ಮಾತು ಬಿಗಿಯಾಗಿರಬಾರದು, ಕ್ಷಮೆ ಕೇಳುವ ಹಾಗೂ ಇರಬಾರದು. ಇದನ್ನೇ ಬಳಸಿಕೊಳ್ಳಿ, ಬೇಕಾದಂತೆ ತಿದ್ದಿಕೊಳ್ಳಿ:

"ನಮಸ್ಕಾರ. ನಿಮ್ಮ ಮೆಸೇಜ್ ಸಿಕ್ಕಿದೆ. ಸೋಮವಾರದಿಂದ ಶನಿವಾರ, ಸಂಜೆ 4ರಿಂದ 6ರವರೆಗೆ ಎಲ್ಲ ಮೆಸೇಜ್‌ಗಳಿಗೂ ಉತ್ತರಿಸುತ್ತೇನೆ. ಉಳಿದ ಹೊತ್ತು ಚಿತ್ರದ ಕೆಲಸದಲ್ಲಿ ಇರುತ್ತೇನೆ. ಹೊಸ ಕೆಲಸಕ್ಕಾಗಿ ಕೇಳುತ್ತಿದ್ದರೆ ಏನು ಬೇಕು, ಯಾವ ಅಳತೆ, ಯಾವ ದಿನಕ್ಕೆ ಬೇಕು ಅಂತ ಇಲ್ಲೇ ಬರೆದಿಡಿ. ಈಗಾಗಲೇ ನಡೆಯುತ್ತಿರುವ ಕೆಲಸದ ಬಗ್ಗೆ ತುರ್ತಾಗಿದ್ದರೆ ದಯವಿಟ್ಟು ಕರೆ ಮಾಡಿ."

ಕೊನೆಯ ಸಾಲು ಬಿಡಬೇಡಿ. ಕರೆ ಮಾಡಿ ಅಂದರೆ ಎಲ್ಲರೂ ಮಾಡ್ತಾರೆ ಅನ್ನುವ ಭಯ ಇರುತ್ತೆ. ನಿಜವಾಗಿ ತುರ್ತು ಇಲ್ಲದವರು ಕರೆ ಮಾಡುವುದಿಲ್ಲ, ಸಂಜೆಯವರೆಗೆ ಕಾಯುತ್ತಾರೆ. ಮಾಡಿದವರ ಜೊತೆ ಎರಡು ನಿಮಿಷ ಮಾತಾಡಿದರೆ ಇಪ್ಪತ್ತು ಮೆಸೇಜ್ ಉಳಿಯುತ್ತೆ.

"ರೇಟ್ ಎಷ್ಟು?" ಅನ್ನುವುದಕ್ಕೆ ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಡಿ. ಕ್ವಿಕ್ ರಿಪ್ಲೈಯಲ್ಲಿ ದರಪಟ್ಟಿ, ಅಡ್ವಾನ್ಸ್ ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತೀರಿ, ಎಷ್ಟು ದಿನ ಬೇಕು ಅನ್ನುವುದನ್ನು ಬರೆದಿಟ್ಟರೆ ಒಂದು ಓರೆಗೆರೆ ಒತ್ತಿದರೆ ಬರುತ್ತೆ. ತಿದ್ದುಪಡಿಯ ಸಂಖ್ಯೆ ಬರೆಯುವುದು ದುಡ್ಡಿನಷ್ಟೇ ಮುಖ್ಯ. ಎರಡು ಸಲ ಅಂತ ಮೊದಲೇ ಹೇಳಿದ್ದರೆ ಗಿರಾಕಿಯೂ ಯೋಚಿಸಿ, ಎಲ್ಲವನ್ನೂ ಸೇರಿಸಿ ಒಟ್ಟಿಗೆ ಹೇಳುತ್ತಾರೆ. ಹೇಳದೇ ಇದ್ದರೆ ಒಂದೊಂದು ಬದಲಾವಣೆಗೂ ಒಂದೊಂದು ಮೆಸೇಜ್. ಅದರಲ್ಲಿ ಅವರ ತಪ್ಪಿಲ್ಲ, ಅವರಿಗೆ ಯಾರೂ ಹೇಳಿಲ್ಲ ಅಷ್ಟೇ.

ಹಬ್ಬದ ಹೊತ್ತಿಗೆ ಇದೆಲ್ಲ ಪರೀಕ್ಷೆಗೆ ಬೀಳುತ್ತೆ. ಗೌರಿ ಗಣೇಶದಿಂದ ದೀಪಾವಳಿಯವರೆಗೆ ಎಲ್ಲರಿಗೂ ಎಲ್ಲವೂ ಬೇಕು, ನಾಳೆಗೇ ಬೇಕು. "ಗಣೇಶ ಹಬ್ಬದ ಆರ್ಡರ್ ಇಂಥ ದಿನಕ್ಕೆ ಕೊನೆ" ಅಂತ ಒಂದು ಪೋಸ್ಟ್ ಮಾಡಿ ಪ್ರೊಫೈಲ್‌ನ ಮೇಲೆ ಪಿನ್ ಮಾಡಿಡಿ. ಆ ದಿನ ಕಳೆದ ಮೇಲೆ ಬಂದವರಿಗೆ ಹೀಗೆ ಬರೆಯಬಹುದು: "ಸರ್, ಈ ಸಲದ ಆರ್ಡರ್ ಮುಗಿದಿದೆ. ಆತುರದಲ್ಲಿ ಮಾಡಿದರೆ ನಿಮಗೂ ಸಮಾಧಾನ ಆಗಲ್ಲ, ನನಗೂ ಆಗಲ್ಲ. ದಸರಾಕ್ಕೆ ಬೇಕಿದ್ದರೆ ಈಗಲೇ ಹೆಸರು ಬರೆದುಕೊಳ್ಳುತ್ತೇನೆ." ಇಲ್ಲ ಅನ್ನುವುದರ ಜೊತೆ ಒಂದು ದಾರಿ ತೋರಿಸಿದರೆ ಮನಸ್ಸು ಮುರಿಯುವುದಿಲ್ಲ.

ನೆಂಟರದ್ದು ಬೇರೆಯೇ ಕಥೆ. "ಮಗಳ ನಾಮಕರಣಕ್ಕೆ ಒಂದು ಸಣ್ಣ ಚಿತ್ರ ಬರೆದುಕೊಡಮ್ಮಾ, ನಿನಗೆ ಅರ್ಧ ಗಂಟೆ ಕೆಲಸ." ಚಿಕ್ಕಮ್ಮನಿಗೆ ದರಪಟ್ಟಿ ಕಳಿಸಲು ಆಗುತ್ತಾ? ಆಗಲ್ಲ. ವರ್ಷಕ್ಕೆ ಇಷ್ಟು ಚಿತ್ರ ಪ್ರೀತಿಯಿಂದ ಉಡುಗೊರೆ ಕೊಡುತ್ತೇನೆ ಅಂತ ನೀವೇ ನಿರ್ಧಾರ ಮಾಡಿಕೊಳ್ಳಿ, ಯಾರಿಗೆ ಅನ್ನುವುದೂ ನಿಮ್ಮ ಕೈಯಲ್ಲೇ ಇರಲಿ. ಅದು ಮುಗಿದ ಮೇಲೆ, "ಚಿಕ್ಕಮ್ಮಾ, ಈ ತಿಂಗಳು ಒಪ್ಪಿಕೊಂಡ ಕೆಲಸವೇ ಮುಗೀತಿಲ್ಲ. ಮುಂದಿನ ವರ್ಷ ಹುಟ್ಟುಹಬ್ಬಕ್ಕೆ ಮಾಡಿಕೊಡ್ತೀನಿ" ಅನ್ನಿ. ಇದನ್ನು ಮೆಸೇಜ್‌ನಲ್ಲಿ ಬರೆಯಬೇಡಿ, ಫೋನ್ ಮಾಡಿ ಹೇಳಿ. ಬರೆದದ್ದು ಒರಟಾಗಿ ಕೇಳಿಸುತ್ತೆ, ದನಿಯಲ್ಲಿ ಪ್ರೀತಿ ಗೊತ್ತಾಗುತ್ತೆ.

ಇನ್ನು ಇನ್‌ಸ್ಟಾದ ಡಿಎಂ, ಅಂದರೆ ಆಪ್ ಒಳಗೇ ಬರುವ ಖಾಸಗಿ ಮೆಸೇಜ್. ಅಲ್ಲಿ ಕ್ವಯಟ್ ಮೋಡ್ ಅಂತ 2023ರಲ್ಲಿ ತಂದರು, ಕೆಲವು ಫೋನ್‌ಗಳಲ್ಲಿ ಈಗ ಸ್ಲೀಪ್ ಮೋಡ್ ಅಂತ ಕಾಣಬಹುದು. ಅದನ್ನು ರಾತ್ರಿಗೆ ಹಾಕಿಟ್ಟರೆ ನೋಟಿಫಿಕೇಷನ್ ನಿಲ್ಲುತ್ತೆ, ಬರೆದವರಿಗೂ ನೀವು ಈಗ ಇಲ್ಲ ಅಂತ ತಿಳಿಯುತ್ತೆ. ವಾಟ್ಸಾಪ್‌ನಲ್ಲಿ ಲಾಸ್ಟ್ ಸೀನ್, ಆನ್‌ಲೈನ್, ನೀಲಿ ಟಿಕ್ ಮೂರನ್ನೂ ಆಫ್ ಮಾಡಬಹುದು. ನೀವು ಆನ್‌ಲೈನ್ ಇರುವುದು ಕಾಣದಿದ್ದರೆ "ಇದ್ದೀರಲ್ಲಾ, ಉತ್ತರ ಕೊಡಿ" ಅನ್ನುವವರೂ ಇರುವುದಿಲ್ಲ.

ಹೆಜ್ಜೆ 4: ಅರ್ಧ ಆದ ಕೆಲಸ ತೋರಿಸುವ ಮುಂಚೆ ಯೋಚಿಸಿ

ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಕಾಳಜಿ ಇರುವುದು ಇದರ ಮೇಲೆ. ಹೊತ್ತು ಹಾಳಾದರೆ ನಾಳೆ ಸರಿ ಮಾಡಿಕೊಳ್ಳಬಹುದು. ಕೆಲಸವೇ ಬೇರೆ ದಾರಿ ಹಿಡಿದುಬಿಟ್ಟರೆ ತಿಳಿಯುವುದು ಎಷ್ಟೋ ದಿನದ ಮೇಲೆ.

ಮಕ್ಕಳ ಕಥೆಗೆ ನೀವು ಒಬ್ಬ ಅಜ್ಜಿಯನ್ನು ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೊದಲ ಸ್ಕೆಚ್‌ನಲ್ಲಿ ಅಜ್ಜಿಗೆ ಇಳಕಲ್ ಸೀರೆ, ದೊಡ್ಡ ಮೂಗುತಿ, ಬಾಯಿ ತುಂಬಾ ನಗು. ಅದನ್ನು ಸ್ಟೋರಿಯಲ್ಲಿ ಹಾಕುತ್ತೀರಿ. "ಅಯ್ಯೋ ನಮ್ಮಜ್ಜಿ ಥರಾನೇ!" ಅಂತ ರಾಶಿ ಉತ್ತರ. ಮೂರನೇ ದಿನ ಕಥೆಯನ್ನು ಮತ್ತೆ ಓದುವಾಗ ಗೊತ್ತಾಗುತ್ತೆ, ಈ ಅಜ್ಜಿ ನಗುವವಳಲ್ಲ. ಮಾತು ಕಮ್ಮಿ, ಕೋಪ ಜಾಸ್ತಿ, ಪ್ರೀತಿ ಒಳಗೆ. ಮೂಗುತಿಯೂ ಇರಲಿಕ್ಕಿಲ್ಲ. ಬದಲಾಯಿಸಬೇಕು. ಆದರೆ ಅಷ್ಟು ಜನ ಮೆಚ್ಚಿದ್ದನ್ನು ಅಳಿಸಲು ಕೈ ಬರುವುದಿಲ್ಲ. ನಗುವ ಅಜ್ಜಿಯೇ ಪುಸ್ತಕದಲ್ಲಿ ಕೂರುತ್ತಾಳೆ. ಕಥೆ ಸ್ವಲ್ಪ ಸೋಲುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕವಿತೆಗೂ ಹೀಗೇ, ರಾಗ ಸಂಯೋಜನೆಗೂ ಹೀಗೇ. ಎರಡು ಸಾಲಿಗೆ ಮೆಚ್ಚುಗೆ ಸಿಕ್ಕರೆ ಮೂರನೇ ಸಾಲು ಆ ಮೆಚ್ಚುಗೆಗೆ ಬರೆದದ್ದಾಗುತ್ತೆ.

ಹಾಗಾದರೆ ಏನು ಮಾಡುವುದು? ಕೆಲಸದ ನಡುವೆ ತೋರಿಸಲೇಬೇಕು ಅನ್ನಿಸಿದರೆ ಇಬ್ಬರು ಮೂವರನ್ನು ಇಟ್ಟುಕೊಳ್ಳಿ. ಕಸುಬು ಗೊತ್ತಿರುವವರು, ನಿಮ್ಮನ್ನು ಹೊಗಳುವ ಅಗತ್ಯ ಇಲ್ಲದವರು. ಅವರಿಗೆ ಮಾತ್ರ ಕಳಿಸಿ. ಕೆಲಸ ಮುಗಿದು ಗಿರಾಕಿಯ ಕೈಸೇರಿದ ಮೇಲೆ, ಅವರ ಒಪ್ಪಿಗೆ ಇದ್ದರೆ, ಮೊದಲಿನ ಸ್ಕೆಚ್‌ಗಳನ್ನೆಲ್ಲ ಹಾಕಿ. ನೋಡುವವರಿಗೆ ಹೇಗಾಯಿತು ಅನ್ನುವ ಕಥೆಯೂ ಸಿಗುತ್ತೆ, ಒಂದೇ ಕೆಲಸದಿಂದ ನಾಲ್ಕಾರು ಪೋಸ್ಟ್ ಕೂಡ ಆಗುತ್ತೆ. ತೋರಿಸುವುದು ತಡವಾಯಿತು ಅಂತ ಯಾವ ನಷ್ಟವೂ ಇಲ್ಲ.

ಹೆಜ್ಜೆ 5: ನೋಡುವುದನ್ನು ಆರಿಸಿಕೊಳ್ಳಿ

ನೋಡದೇ ಇರಲು ಆಗುವುದಿಲ್ಲ, ನೋಡಲೂಬೇಕು. ಬೇರೆಯವರ ಕೆಲಸ ನೋಡದವರು ಬೆಳೆಯುವುದು ಹೇಗೆ? ಆದರೆ ನಾವು ನೋಡಬೇಕು ಅಂದುಕೊಂಡದ್ದೇ ಬೇರೆ, ಆಪ್ ತೋರಿಸುವುದೇ ಬೇರೆ. ಇನ್‌ಸ್ಟಾಗ್ರಾಮ್ 2016ರಲ್ಲೇ ಹೊತ್ತಿನ ಕ್ರಮ ಬಿಟ್ಟು ತನ್ನ ಲೆಕ್ಕಾಚಾರದ ಪ್ರಕಾರ ಪೋಸ್ಟ್ ಜೋಡಿಸಲು ಶುರು ಮಾಡಿತು. ಮೇಲೆ ಇರುವ ಇನ್‌ಸ್ಟಾಗ್ರಾಮ್ ಹೆಸರನ್ನು ಒತ್ತಿದರೆ ಫಾಲೋಯಿಂಗ್ ಅಂತ ಒಂದು ಆಯ್ಕೆ ಸಿಗುತ್ತೆ. ಅಲ್ಲಿ ನೀವು ಆರಿಸಿಕೊಂಡವರದ್ದು ಮಾತ್ರ, ಹೊಸದು ಮೊದಲು. ಕಂಟೆಂಟ್ ಪ್ರಿಫರೆನ್ಸ್ ಒಳಗೆ ಶಿಫಾರಸು ಪೋಸ್ಟ್‌ಗಳನ್ನು 30 ದಿನ ನಿಲ್ಲಿಸಿಡಬಹುದು. ತಿಂಗಳಿಗೊಮ್ಮೆ ಮತ್ತೆ ಒತ್ತಬೇಕು, ಅಷ್ಟೇ.

ಯಾರ ಪೇಜ್ ನೋಡಿದ ಮೇಲೆ ನಿಮಗೆ ಕೈಗೆ ಕೆಲಸ ಹಿಡಿಯಬೇಕು ಅನ್ನಿಸುತ್ತೋ ಅವರನ್ನು ಇಟ್ಟುಕೊಳ್ಳಿ. ಯಾರದ್ದು ನೋಡಿದರೆ ಕೈ ಸೋಲುತ್ತೋ ಅವರನ್ನು ಮ್ಯೂಟ್ ಮಾಡಿ. ಅವರು ಒಳ್ಳೆ ಕಲಾವಿದರೇ ಆಗಿರಬಹುದು, ನಿಮ್ಮ ಗೆಳೆಯರೇ ಆಗಿರಬಹುದು. ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತಾಗುವುದಿಲ್ಲ, ಸಂಬಂಧ ಹಾಳಾಗುವುದಿಲ್ಲ. ಸಿಕ್ಕಾಗ ಮನಸಾರೆ ಅಭಿನಂದಿಸಿ.

ಕಣ್ಣಿಗೆ ಆಹಾರ ಬೇಕು ಅನ್ನಿಸಿದಾಗ ಪರದೆಯ ಆಚೆಯೂ ಹೋಗಿ. ಬೆಂಗಳೂರಿನವರಾದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಇದೆ. ಮೈಸೂರಿನವರಿಗೆ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳೇ ಇವೆ. ಅಂಗೈಯಗಲದ ಗಾಜಿನಲ್ಲಿ ಎರಡು ಸೆಕೆಂಡ್ ನೋಡಿದ ಚಿತ್ರದ ಎದುರು ಹತ್ತು ನಿಮಿಷ ನಿಂತು ನೋಡಿ. ಸೀರೆಯ ಅಂಚಿನ ಮೇಲೆ ಬೆಳಕು ಬಿದ್ದ ಜಾಗದಲ್ಲಿ ಬಣ್ಣ ಎಷ್ಟು ದಪ್ಪ ಇದೆ ಅನ್ನುವುದು ಫೋಟೋದಲ್ಲಿ ಸಿಗುವುದಿಲ್ಲ.

ಹೆಜ್ಜೆ 6: ಕೆಟ್ಟ ಮಾತಿಗೆ ಜರಡಿ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ವಿಶೇಷ ಮಾತು. ಇನ್‌ಸ್ಟಾದಲ್ಲಿ ಹಿಡನ್ ವರ್ಡ್ಸ್, ಯೂಟ್ಯೂಬ್ ಸ್ಟುಡಿಯೋದಲ್ಲಿ ಬ್ಲಾಕ್ಡ್ ವರ್ಡ್ಸ್ ಅಂತ ಇದೆ. ನೀವು ಕೊಟ್ಟ ಪದ ಇರುವ ಕಾಮೆಂಟ್ ಎಲ್ಲರಿಗೂ ಕಾಣುವ ಮೊದಲೇ ತಡೆಯುತ್ತೆ. ಅದರಲ್ಲಿ ಕನ್ನಡ ಬೈಗುಳಗಳನ್ನು ನೀವೇ ಕೂತು ಸೇರಿಸಬೇಕು. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಾಗೆ ಇನ್ನೊಮ್ಮೆ, ಅದರಲ್ಲೂ ಜನ ಬರೆಯುವ ಎರಡು ಮೂರು ಬಗೆಯಲ್ಲಿ. ನಮ್ಮವರು ಕಾಮೆಂಟ್ ಮಾಡುವಾಗ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು. ಹೆಣ್ಣುಮಕ್ಕಳಾದರೆ ಮೈ, ಬಟ್ಟೆ, ಜಾತಿ ಬಗ್ಗೆ ಬರುವ ಪದಗಳನ್ನೂ ಸೇರಿಸಿ. ಈ ಪಟ್ಟಿ ಮಾಡುವುದೇ ಮನಸ್ಸಿಗೆ ಹಿಂಸೆ ಅನ್ನಿಸಿದರೆ ನಂಬಿಕೆಯ ಗೆಳತಿಯೊಬ್ಬರಿಗೆ ಕೊಟ್ಟು ಮಾಡಿಸಿ.

ಗೊತ್ತಿರುವವರೇ ಕಿರಿಕಿರಿ ಮಾಡುತ್ತಿದ್ದರೆ ರಿಸ್ಟ್ರಿಕ್ಟ್ ಮಾಡಿ. ಅವರ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತೆ. ಬೆದರಿಕೆ, ನಿಮ್ಮ ಹೆಸರಲ್ಲಿ ನಕಲಿ ಖಾತೆ, ನಿಮ್ಮ ಫೋಟೋ ತಿರುಚುವುದು ಇವುಗಳಿಗೆ ಉತ್ತರ ಕೊಡಲು ಹೋಗಬೇಡಿ. ಲಿಂಕ್ ಮತ್ತು ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಗಿರಾಕಿ ಸೋಗಿನಲ್ಲಿ ದುಡ್ಡು ಹೊಡೆದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಹೆಜ್ಜೆ 7: ನಿಮ್ಮ ಕಸುಬಿಗೆ ಹೊಂದುವ ರಜೆ

ನಮ್ಮ ಕಸುಬುಗಳಿಗೆ ಮೊದಲಿಂದಲೂ ಬಿಡುವಿನ ಕಾಲ ಇತ್ತು. ಯಕ್ಷಗಾನ ಮೇಳಗಳು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮಳೆಗಾಲ ಕಳೆದ ಮೇಲೆಯೇ ಮತ್ತೆ ತಿರುಗಾಟ. ಮದುವೆ ಫೋಟೋಗ್ರಾಫರ್‌ಗಳಿಗೆ, ಮೇಕಪ್, ಮೆಹಂದಿಯವರಿಗೆ ಆಷಾಢದಲ್ಲಿ, ಧನುರ್ಮಾಸದಲ್ಲಿ ಕೆಲಸ ತೀರಾ ಕಡಿಮೆ. ಈಗ ಆ ತಿಂಗಳುಗಳನ್ನೂ "ಪೇಜ್ ಡಲ್ ಆಗಬಾರದು" ಅಂತ ರೀಲ್ಸ್ ಮಾಡುವುದರಲ್ಲಿ ಕಳೆಯುತ್ತಿದ್ದೇವೆ. ಆಷಾಢವನ್ನು ವಾಪಸ್ ತಗೊಳ್ಳಿ ಅನ್ನುವುದು ನನ್ನ ಬೇಡಿಕೆ. ಶೆಡ್ಯೂಲ್ ಮಾಡಿದ ಹಳೆ ಕೆಲಸ ವಾರಕ್ಕೊಂದು ಹೋಗುತ್ತಿರಲಿ, ನೀವು ಆಪ್ ತೆಗೆದುಹಾಕಿ. ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಖಾತೆಗೆ ಏನೂ ಆಗುವುದಿಲ್ಲ.

ವಾಪಸ್ ಬಂದಾಗ ಮೊದಲ ಕೆಲವು ಪೋಸ್ಟ್ ಕಡಿಮೆ ಜನಕ್ಕೆ ಕಾಣಬಹುದು, ಅದಕ್ಕೆ ಸಿದ್ಧರಾಗಿರಿ. ಶ್ರಾವಣದಲ್ಲಿ ಮುಹೂರ್ತ ಹುಡುಕುವವರು ಹೇಗಿದ್ದರೂ ಕೇಳಿಕೊಂಡು ಬರುತ್ತಾರೆ.

ಬಿಡುವು ತಗೊಳ್ಳಲು ಹೋದಾಗಲೇ ಕೆಲವರಿಗೆ ಗೊತ್ತಾಗುತ್ತೆ, ಬಿಡಲು ಆಗುತ್ತಿಲ್ಲ ಅಂತ. ರಾತ್ರಿ ನಿದ್ದೆ ಇಲ್ಲ, ಫೋನ್ ಇಲ್ಲದಿದ್ದರೆ ಎದೆ ಡವಡವ, ಕೆಲಸದ ಮೇಲೆ ಆಸೆಯೇ ಹೋಗಿದೆ. ಆಗ ಸೆಟ್ಟಿಂಗ್ಸ್ ಬದಲಾಯಿಸುತ್ತಾ ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ 2014ರಲ್ಲಿ ಶುರುವಾಯಿತು. ಊರಲ್ಲೇ ಕೂತು ಮಾತಾಡಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೆಜ್ಜೆ 8: ನಿಮ್ಮದೇ ಒಂದು ಜಾಗ ಇರಲಿ

ಎಲ್ಲ ಗಡಿಗಳೂ ಗಟ್ಟಿಯಾಗಿ ನಿಲ್ಲುವುದು ಈ ಕೊನೆಯದರ ಮೇಲೆ. ಇರುವ ಒಂದೇ ಬಾಗಿಲು ಇನ್‌ಸ್ಟಾ ಆಗಿದ್ದರೆ ಅದನ್ನು ಮುಚ್ಚಲು ಧೈರ್ಯ ಬರುವುದಿಲ್ಲ.

ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿದಾಗ ಲಕ್ಷಗಟ್ಟಲೆ ಅಭಿಮಾನಿಗಳಿದ್ದವರು ಒಂದೇ ರಾತ್ರಿಯಲ್ಲಿ ಎಲ್ಲ ಕಳೆದುಕೊಂಡರು. ಅದು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾದ 'ಕೂ' ಆಪ್ 2024ರ ಜುಲೈನಲ್ಲಿ ನಿಂತಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು 6 ಗಂಟೆ ಕೆಲಸ ಮಾಡಲಿಲ್ಲ. ಖಾತೆ ಹ್ಯಾಕ್ ಆಗಿ ಇಡೀ ಪೇಜ್ ಹೋದವರು ನಿಮ್ಮ ಪರಿಚಯದಲ್ಲೇ ಇರಬಹುದು.

ಮೊದಲು ಇರುವುದನ್ನು ಉಳಿಸಿಕೊಳ್ಳಿ. ಇನ್‌ಸ್ಟಾದ ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಎಲ್ಲ ಫೋಟೋ, ವಿಡಿಯೋ, ಮೆಸೇಜ್‌ಗಳ ಪ್ರತಿ ಕೇಳಿ ಪಡೆಯಬಹುದು. ವರ್ಷಕ್ಕೆರಡು ಸಲ ತೆಗೆದು ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಎರಡು ಹಂತದ ಲಾಗಿನ್ ಇವತ್ತೇ ಆನ್ ಮಾಡಿ.

ಆಮೇಲೆ ನಿಮ್ಮ ಹೆಸರಿನ ಒಂದು ಸಣ್ಣ ವೆಬ್‌ಸೈಟ್. ಒಂದೇ ಪುಟ ಸಾಕು: ನಿಮ್ಮ ಒಳ್ಳೆಯ ಹತ್ತು ಕೆಲಸ, ನೀವು ಏನು ಮಾಡಿಕೊಡುತ್ತೀರಿ, ಹೇಗೆ ಸಂಪರ್ಕಿಸಬೇಕು. ಚಿತ್ರಕಾರರಾದರೆ ಪ್ರತಿ ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಅರ್ಜಿ ಹಾಕಿ. ಕುಮಾರಕೃಪಾ ರಸ್ತೆಯಲ್ಲಿ ಒಂದು ಇಡೀ ದಿನ ನಿಂತು, ಜನ ನಿಮ್ಮ ಚಿತ್ರದ ಎದುರು ಎಷ್ಟು ಹೊತ್ತು ನಿಲ್ಲುತ್ತಾರೆ, ಏನು ಕೇಳುತ್ತಾರೆ, ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಇಡುತ್ತಾರೆ ಅನ್ನುವುದನ್ನು ನೋಡಿದರೆ ಆಗುವ ತಿಳುವಳಿಕೆ ಎಷ್ಟು ಜನ ನೋಡಿದರು ಅಂತ ಲೆಕ್ಕ ಕೊಡುವ ಯಾವ ಇನ್‌ಸೈಟ್ಸ್ ಪುಟದಲ್ಲೂ ಸಿಗುವುದಿಲ್ಲ.

ಅಲ್ಲಿಗೆ ಹೋಗುವಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಕೊಂಡವರ ಹೆಸರು, ಊರು, ಫೋನ್, ಇಮೇಲ್, ಯಾವ ಚಿತ್ರ, ಯಾರಿಗಾಗಿ ಕೊಂಡರು ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಹೊಸ ಕೆಲಸ ಬಂದಾಗ ತಿಳಿಸಬಹುದಾ ಅಂತ ಒಂದು ಮಾತು ಕೇಳಿ. ಮನೆಗೆ ಬಂದು, ಮೊದಲ ಹೆಜ್ಜೆಯಲ್ಲಿ ಬರೆದ ದುಡ್ಡಿನ ಲೆಕ್ಕದಲ್ಲಿರುವ ಹಳೆ ಗಿರಾಕಿಗಳ ಹೆಸರನ್ನೂ ಅದೇ ಪುಸ್ತಕಕ್ಕೆ ಸೇರಿಸಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ: "ನಮಸ್ಕಾರ ಮೇಡಂ, ಹೋದ ವರ್ಷ ನೀವು ತಗೊಂಡ ಹಂಪಿ ಚಿತ್ರ ಹೇಗಿದೆ? ಈ ಸಲ ತುಂಗಭದ್ರೆಯ ಮೇಲೆ ಕೆಲವು ಹೊಸದು ಮಾಡಿದ್ದೇನೆ, ಬಿಡುವಾದಾಗ ನೋಡಿ."